ಘಾನಾಕ್ಕೆ ಮೊದಲ ಸಲ ಹೊರಟವರಿಗೆ: ಲಸಿಕೆಯಿಂದ ಹಿಡಿದು ವಾಪಸ್ ಬರುವವರೆಗೆ

ಪಶ್ಚಿಮ ಆಫ್ರಿಕಾದಲ್ಲಿ ಮೊದಲು ಯಾವ ದೇಶ ನೋಡೋಣ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಘಾನಾ. ಕಾರಣ ಸರಳ. ಅಲ್ಲಿನ ಆಡಳಿತ ಭಾಷೆ ಇಂಗ್ಲಿಷ್. ಪೂರ್ವಕ್ಕೆ ಟೋಗೊ, ಉತ್ತರಕ್ಕೆ ಬುರ್ಕಿನಾ ಫಾಸೊ, ಪಶ್ಚಿಮಕ್ಕೆ ಐವರಿ ಕೋಸ್ಟ್. ಮೂರೂ ಕಡೆ ಫ್ರೆಂಚ್ ಬಾರದಿದ್ದರೆ ಬಸ್ ಹತ್ತುವುದೂ ಕಷ್ಟ. ಘಾನಾದಲ್ಲಿ ಆ ತಲೆನೋವಿಲ್ಲ. ಜನ ಮಾತಿಗೆ ಸಿಗುತ್ತಾರೆ, ದಾರಿ ಕೇಳಿದರೆ ನಿಂತು ಹೇಳುತ್ತಾರೆ.

ಹಾಗಂತ ಎಲ್ಲವೂ ಸಲೀಸು ಅಂತಲ್ಲ. ಪರದಾಟ ಹೆಚ್ಚಾಗಿ ಎರಡು ವಿಷಯದಲ್ಲಿ ಆಗುತ್ತದೆ. ಒಂದು, ಹೊರಡುವ ಮುಂಚಿನ ಕೆಲಸಗಳ ಕ್ರಮ ತಪ್ಪುವುದು. ಇನ್ನೊಂದು, ನಕ್ಷೆಯಲ್ಲಿ ಹತ್ತಿರ ಕಾಣುವ ಊರುಗಳನ್ನೆಲ್ಲ ಒಂದೇ ಪ್ರವಾಸದಲ್ಲಿ ತುರುಕಿ, ಅರ್ಧ ರಜೆಯನ್ನು ಬಸ್ಸಿನಲ್ಲೇ ಕಳೆಯುವುದು. ಇವೆರಡನ್ನು ಸರಿ ಮಾಡಿಕೊಂಡರೆ ಮಿಕ್ಕಿದ್ದು ಅಲ್ಲಿಗೆ ಹೋದ ಮೇಲೂ ಕಲಿಯಬಹುದು.

ಮೊದಲ ಹೆಜ್ಜೆ: ತಿಂಗಳು ಆರಿಸುವುದು

ದಕ್ಷಿಣ ಘಾನಾದಲ್ಲಿ, ಅಂದರೆ ಅಕ್ರಾ, ಕೇಪ್ ಕೋಸ್ಟ್, ಕುಮಾಸಿ ಕಡೆ, ವರ್ಷಕ್ಕೆ ಎರಡು ಮಳೆಗಾಲ. ದೊಡ್ಡದು ಏಪ್ರಿಲ್‌ನಿಂದ ಜುಲೈ ತನಕ, ಜೂನ್‌ನಲ್ಲಿ ಜೋರು. ಚಿಕ್ಕದು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ. ಉತ್ತರದಲ್ಲಿ ಒಂದೇ ಮಳೆಗಾಲ, ಸುಮಾರು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ಹಾಗಾಗಿ ನವೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ.

ಅದರಲ್ಲೂ ಒಂದು ಸಂಗತಿ ಇದೆ. ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಸಹಾರಾ ಕಡೆಯಿಂದ ಹರ್ಮಟನ್ ಎಂಬ ಒಣಗಾಳಿ ಧೂಳು ಹೊತ್ತು ಬರುತ್ತದೆ. ಆಕಾಶ ಮಂಕಾಗುತ್ತದೆ, ತುಟಿ ಒಡೆಯುತ್ತದೆ, ಫೋಟೋಗಳೆಲ್ಲ ಬೂದು ಬಣ್ಣಕ್ಕೆ ತಿರುಗುತ್ತವೆ. ಆಸ್ತಮಾ ಇದ್ದವರು ಈ ತಿಂಗಳುಗಳನ್ನು ಬಿಡುವುದು ವಾಸಿ. ಇನ್ನು ಡಿಸೆಂಬರ್‌ನ ಕೊನೆಯ ವಾರಗಳಲ್ಲಿ ಅಮೆರಿಕ, ಇಂಗ್ಲೆಂಡ್‌ಗಳಲ್ಲಿರುವ ಘಾನಾದವರೆಲ್ಲ ಊರಿಗೆ ಬರುತ್ತಾರೆ. ಅಕ್ರಾದಲ್ಲಿ ಸಂಗೀತ, ಪಾರ್ಟಿ, ಟ್ರಾಫಿಕ್ ಎಲ್ಲವೂ ಮೇರೆ ಮೀರಿರುತ್ತದೆ. ಹೋಟೆಲ್ ದರವೂ ಅಷ್ಟೇ. ಗದ್ದಲ ಬೇಕು ಅನ್ನುವವರು ಆಗ ಹೋಗಲಿ. ನನ್ನ ಆಯ್ಕೆ ನವೆಂಬರ್ ಅಥವಾ ಮಾರ್ಚ್.

ಎರಡನೇ ಹೆಜ್ಜೆ: ಲಸಿಕೆ, ಟಿಕೆಟ್‌ಗಿಂತ ಮೊದಲು

ಯೆಲ್ಲೋ ಫೀವರ್, ಅಂದರೆ ಸೊಳ್ಳೆಯಿಂದ ಹರಡುವ ಹಳದಿ ಜ್ವರದ ಲಸಿಕೆಯ ಸರ್ಟಿಫಿಕೇಟ್ ಇಲ್ಲದೆ ಘಾನಾಕ್ಕೆ ಪ್ರವೇಶವಿಲ್ಲ. ಇದು ಬರೀ ಸಲಹೆ ಅಲ್ಲ, ನಿಯಮ. ವಿಮಾನ ನಿಲ್ದಾಣದಲ್ಲೇ ಈ ಸರ್ಟಿಫಿಕೇಟ್, ಅಂದರೆ ಹಳದಿ ಕಾರ್ಡ್ ಕೇಳುತ್ತಾರೆ. ಲಸಿಕೆ ತೆಗೆದುಕೊಂಡ 10 ದಿನಗಳ ನಂತರವಷ್ಟೇ ಸರ್ಟಿಫಿಕೇಟ್‌ಗೆ ಬೆಲೆ. ಹೊರಡುವ ಹಿಂದಿನ ವಾರ ಓಡಿಹೋಗಿ ಹಾಕಿಸಿಕೊಂಡರೆ ಉಪಯೋಗವಿಲ್ಲ. ಒಂದು ಸಮಾಧಾನ ಅಂದರೆ, 2016ರಿಂದ ಈ ಸರ್ಟಿಫಿಕೇಟ್ ಜೀವನಪೂರ್ತಿ ನಡೆಯುತ್ತದೆ. ಕೀನ್ಯಾಕ್ಕೋ ಉಗಾಂಡಾಕ್ಕೋ ಹೋಗುವಾಗ ಮೊದಲೇ ಹಾಕಿಸಿಕೊಂಡಿದ್ದರೆ ಅದೇ ಸಾಕು, ಕಾರ್ಡ್ ಹುಡುಕಿಟ್ಟುಕೊಳ್ಳಿ.

ಈ ಲಸಿಕೆ ಬೀದಿ ಕೊನೆಯ ಕ್ಲಿನಿಕ್‌ನಲ್ಲಿ ಸಿಗುವುದಿಲ್ಲ. ಕೇಂದ್ರ ಆರೋಗ್ಯ ಇಲಾಖೆ ಅನುಮತಿ ಕೊಟ್ಟ ಕೇಂದ್ರಗಳಲ್ಲಿ ಮಾತ್ರ ಕೊಡುತ್ತಾರೆ. ಬೆಂಗಳೂರಿನಲ್ಲೂ ಇಂಥ ಕೇಂದ್ರಗಳಿವೆ. ಒಂದು ಬಾಟಲಿ ತೆರೆದರೆ ಹಲವರಿಗೆ ಆಗುವುದರಿಂದ ಎಷ್ಟೋ ಕಡೆ ವಾರದ ನಿಗದಿತ ದಿನಗಳಲ್ಲಿ ಮಾತ್ರ ಹಾಕುತ್ತಾರೆ. ಮೊದಲೇ ಹೆಸರು ಬರೆಸಿ. ಪಾಸ್‌ಪೋರ್ಟ್ ಒಯ್ಯಿರಿ, ಕಾರ್ಡಿನಲ್ಲಿ ಅದರ ನಂಬರ್ ಬರೆಯುತ್ತಾರೆ. ಅಲ್ಲೇ ನಿಂತು ಹೆಸರಿನ ಕಾಗುಣಿತ, ನಂಬರ್, ತಾರೀಕು, ಸೀಲು ಎಲ್ಲ ಸರಿ ಇದೆಯಾ ಅಂತ ನೋಡಿ. ಮೊಟ್ಟೆಯ ಅಲರ್ಜಿ ಇದ್ದವರು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು, 60 ದಾಟಿದವರು ಮೊದಲು ತಮ್ಮ ವೈದ್ಯರ ಹತ್ತಿರ ಮಾತಾಡಲೇಬೇಕು. ಇದು ಜೀವಂತ ವೈರಸ್‌ನಿಂದ ಮಾಡಿದ ಲಸಿಕೆ. ಎಲ್ಲರಿಗೂ ಹೊಂದುವುದಿಲ್ಲ. ಟಿಕೆಟ್‌ಗಿಂತ ಮೊದಲು ಅಂತ ನಾನು ಹೇಳುವುದೂ ಇದಕ್ಕೇ. ಲಸಿಕೆ ಬೇಡ ಅಂತ ವೈದ್ಯರು ಹೇಳಿದರೆ ಇಡೀ ಪ್ರವಾಸವನ್ನೇ ಮರುಯೋಚಿಸಬೇಕಾಗುತ್ತದೆ.

ಎರಡನೆಯದು ಮಲೇರಿಯಾ. ಘಾನಾದ ಎಲ್ಲ ಕಡೆ, ವರ್ಷವಿಡೀ ಇದೆ. ಅಲ್ಲಿ ಹೆಚ್ಚಾಗಿರುವುದು ಫಾಲ್ಸಿಪಾರಂ, ಅಂದರೆ ಮೆದುಳಿಗೂ ಏರಬಲ್ಲ ಅಪಾಯಕಾರಿ ಬಗೆ. ‘ನಮ್ಮೂರಲ್ಲೂ ಸೊಳ್ಳೆ ಇಲ್ವಾ’ ಅನ್ನುವ ಧೈರ್ಯ ಇಲ್ಲಿ ಬೇಡ. ತಡೆಮಾತ್ರೆ ಬೇಕು. ಅಟೊವಾಕೋನ್-ಪ್ರೊಗ್ವಾನಿಲ್ ಆದರೆ ಹೊರಡುವ ಒಂದೆರಡು ದಿನ ಮುಂಚೆ ಶುರು ಮಾಡಿ, ವಾಪಸ್ ಬಂದ ಮೇಲೆ 7 ದಿನ ನುಂಗಬೇಕು. ಡಾಕ್ಸಿಸೈಕ್ಲಿನ್ ಅಗ್ಗ, ಆದರೆ ಬಂದ ಮೇಲೂ 4 ವಾರ ಮುಂದುವರಿಸಬೇಕು, ಬಿಸಿಲಿಗೆ ಚರ್ಮ ಸುಡುವ ಸಾಧ್ಯತೆಯೂ ಇದೆ. ಯಾವುದು ನಿಮಗೆ ಸರಿ ಅಂತ ವೈದ್ಯರೇ ಹೇಳಲಿ. ಮಾತ್ರೆಯ ಜೊತೆಗೆ ಸಂಜೆ ಆದ ಕೂಡಲೇ ಉದ್ದ ತೋಳಿನ ಬಟ್ಟೆ, ಸೊಳ್ಳೆ ಓಡಿಸುವ ಡೀಟ್ ಇರುವ ಕ್ರೀಮ್, ರಾತ್ರಿ ಸೊಳ್ಳೆಪರದೆ. ಮಾತ್ರೆ ನುಂಗಿದೆ ಅಂತ ಇವನ್ನು ಬಿಡುವ ಹಾಗಿಲ್ಲ.

ಒಣಗಾಲದಲ್ಲಿ ಉತ್ತರ ಘಾನಾಕ್ಕೆ ಹೋಗುವವರು ಮೆನಿಂಜೈಟಿಸ್, ಅಂದರೆ ಮಿದುಳು ಪೊರೆಯ ಸೋಂಕಿನ ಲಸಿಕೆಯ ಬಗ್ಗೆಯೂ ಕೇಳಿ. ಟೈಫಾಯ್ಡ್, ಹೆಪಟೈಟಿಸ್ ಎ ಬಗ್ಗೆಯೂ ಅದೇ ಭೇಟಿಯಲ್ಲಿ ವಿಚಾರಿಸಿದರಾಯಿತು.

ಮೂರನೇ ಹೆಜ್ಜೆ: ವೀಸಾ, ಆಮೇಲೆ ಟಿಕೆಟ್

ಭಾರತೀಯ ಪಾಸ್‌ಪೋರ್ಟ್‌ಗೆ ವೀಸಾ ಬೇಕು. ಅರ್ಜಿ ದೆಹಲಿಯ ಘಾನಾ ಹೈಕಮಿಷನ್‌ಗೆ. ನಿಯಮ, ಶುಲ್ಕ ಬದಲಾಗುತ್ತಿರುತ್ತವೆ, ಆದ್ದರಿಂದ ಹೈಕಮಿಷನ್‌ನ ಅಧಿಕೃತ ವೆಬ್‌ಸೈಟ್ ನೋಡಿಯೇ ಮುಂದುವರಿಯಿರಿ. ಹೋಟೆಲ್ ಬುಕಿಂಗ್ ಅಥವಾ ಅಲ್ಲಿರುವವರ ಆಹ್ವಾನ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಹೋಗಿಬರುವ ವಿಮಾನದ ವಿವರ, ಹಳದಿ ಕಾರ್ಡಿನ ಪ್ರತಿ, ಇವನ್ನು ಜೋಡಿಸಿಟ್ಟುಕೊಳ್ಳಿ. ಟೋಗೊ ಅಥವಾ ಬೆನಿನ್ ನೋಡಿಕೊಂಡು ಮತ್ತೆ ಅಕ್ರಾಕ್ಕೆ ಬಂದು ವಿಮಾನ ಹತ್ತುವ ಯೋಚನೆ ಇದ್ದರೆ ಮಲ್ಟಿಪಲ್ ಎಂಟ್ರಿ ವೀಸಾ ಬೇಕು. ಸಿಂಗಲ್ ಎಂಟ್ರಿ ಇಟ್ಟುಕೊಂಡು ಗಡಿ ದಾಟಿದರೆ ಒಳಗೆ ಬರಲು ಮತ್ತೆ ವೀಸಾ ಕೇಳುತ್ತಾರೆ.

ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ದುಬೈ, ದೋಹಾ, ಇಸ್ತಾಂಬುಲ್, ಅಡಿಸ್ ಅಬಾಬ, ಹೀಗೆ ಎಲ್ಲಾದರೂ ಇಳಿದು ಹತ್ತಬೇಕು. ಇಡೀ ಪ್ರಯಾಣಕ್ಕೆ ಒಂದೇ ಟಿಕೆಟ್ ತೆಗೆಸಿ. ಎರಡು ಬೇರೆ ಟಿಕೆಟ್ ಜೋಡಿಸಿ ನಾಲ್ಕು ಕಾಸು ಉಳಿಸಲು ಹೋದರೆ, ಮೊದಲ ವಿಮಾನ ತಡವಾದಾಗ ಎರಡನೆಯದಕ್ಕೆ ಯಾರೂ ಹೊಣೆಯಲ್ಲ. ವೈದ್ಯಕೀಯ ಖರ್ಚು ಸೇರಿದ ಟ್ರಾವೆಲ್ ಇನ್ಶೂರೆನ್ಸ್ ಕೂಡ ಈ ಹಂತದಲ್ಲೇ ಮಾಡಿಸಿ.

ದುಡ್ಡು, ಸಿಮ್, ಪ್ಲಗ್

ಹಣ ಸೆಡಿ. ಒಂದು ಸೆಡಿಗೆ 100 ಪೆಸೆವಾ. ಬೆಲೆ ಜೋರಾಗಿ ಏರಿಳಿಯುವ ಕರೆನ್ಸಿ ಇದು. 2022ರಲ್ಲಿ ಭಾರಿ ಕುಸಿದಿತ್ತು, 2025ರಲ್ಲಿ ಚೆನ್ನಾಗಿ ಚೇತರಿಸಿಕೊಂಡಿತು. ಹಳೆಯ ಪ್ರವಾಸ ಬರಹಗಳಲ್ಲಿನ ದರಗಳನ್ನು ನಂಬಿ ಬಜೆಟ್ ಮಾಡಬೇಡಿ. ಇಲ್ಲಿಂದ ಡಾಲರ್ ಒಯ್ಯಿರಿ. ಹೊಸ, ಮಡಿಕೆಯಿಲ್ಲದ, ದೊಡ್ಡ ನೋಟುಗಳಿದ್ದರೆ ಫಾರೆಕ್ಸ್ ಬ್ಯೂರೋಗಳಲ್ಲಿ ಒಳ್ಳೆಯ ದರ ಸಿಗುತ್ತದೆ. ರೂಪಾಯಿ ಅಲ್ಲಿ ನಡೆಯುವುದಿಲ್ಲ. ರಸ್ತೆಯಲ್ಲಿ ನಿಂತು ‘ಬದಲಾಯಿಸಿ ಕೊಡ್ತೀನಿ’ ಅನ್ನುವವರಿಂದ ದೂರ ಇರಿ. ಎಟಿಎಂಗಳಲ್ಲಿ ವೀಸಾ ಕಾರ್ಡ್ ಹೆಚ್ಚು ಕಡೆ ನಡೆಯುತ್ತದೆ. ಹೊರಡುವ ಮುಂಚೆ ಬ್ಯಾಂಕ್ ಆಪ್‌ನಲ್ಲಿ ವಿದೇಶಿ ಬಳಕೆ ಆನ್ ಮಾಡಿಕೊಳ್ಳಿ.

ಸಣ್ಣ ನೋಟುಗಳನ್ನು ಜೋಪಾನ ಮಾಡಿ. 200 ಸೆಡಿ ನೋಟು ಹಿಡಿದು ಬಾಳೆಹಣ್ಣು ಕೊಳ್ಳಲು ಹೋದರೆ ಚಿಲ್ಲರೆ ಇಲ್ಲ ಅನ್ನುತ್ತಾರೆ, ನಿಜಕ್ಕೂ ಇರುವುದಿಲ್ಲ.

ಸಿಮ್‌ಗೆ ಎಂಟಿಎನ್ ದೊಡ್ಡ ಜಾಲ. ಹಳೆಯ ವೊಡಾಫೋನ್ ಈಗ ಟೆಲಿಸೆಲ್ ಆಗಿದೆ. ಪಾಸ್‌ಪೋರ್ಟ್ ತೋರಿಸಿ ಕಂಪನಿಯ ಅಧಿಕೃತ ಕೌಂಟರ್‌ನಲ್ಲೇ ನೋಂದಾಯಿಸಿಕೊಳ್ಳಿ. ನಮ್ಮಲ್ಲಿ ಯುಪಿಐ ಇದ್ದ ಹಾಗೆ ಅಲ್ಲಿ ಮೊಬೈಲ್ ಮನಿ, ಎಲ್ಲರ ಬಾಯಲ್ಲೂ ಮೊಮೊ. ಬೀದಿಬದಿ ಅಂಗಡಿಗಳಲ್ಲೂ ಇದೆ. ನಿಮ್ಮ ನಂಬರಿಗೆ ಅದು ಆಗುತ್ತದಾ ಅಂತ ಸಿಮ್ ಕೊಡುವಾಗಲೇ ಕೇಳಿ.

ಕರೆಂಟ್ 230 ವೋಲ್ಟ್, ನಮ್ಮ ಹಾಗೇ. ನಮ್ಮ ದುಂಡು ಪಿನ್ ಹಿಡಿಯುವ ಸಾಕೆಟ್ ಕೆಲವು ಕಡೆ ಇದೆ, ಆದರೆ ಚೌಕ ಪಿನ್‌ನ ಬ್ರಿಟಿಷ್ ಸಾಕೆಟ್ ಜಾಸ್ತಿ. ಒಂದು ಅಡಾಪ್ಟರ್ ಇರಲಿ. ಕರೆಂಟ್ ಹೋಗುವುದೂ ಉಂಟು, ಪವರ್ ಬ್ಯಾಂಕ್ ಇಟ್ಟುಕೊಳ್ಳಿ.

ಒಂದು ಬಟ್ಟೆ ಮಾತ್ರ ಪೆಟ್ಟಿಗೆಯಲ್ಲಿ ಇಡಲೇಬೇಡಿ. ಸೈನಿಕರ ಹಸಿರು ಚುಕ್ಕೆ ಬಟ್ಟೆ, ಅದೇ ಕ್ಯಾಮಫ್ಲಾಜ್. ಘಾನಾದಲ್ಲಿ ಸಾಮಾನ್ಯ ಜನ ಅದನ್ನು ತೊಡುವುದು ಕಾನೂನಿಗೆ ವಿರುದ್ಧ. ಟೋಪಿ, ಚಡ್ಡಿ, ಬ್ಯಾಗ್ ಯಾವುದೂ ಬೇಡ.

ಇಳಿದ ದಿನ

ಇಳಿಯುವುದು ಅಕ್ರಾದ ವಿಮಾನ ನಿಲ್ದಾಣದಲ್ಲಿ, ಬಹುಕಾಲ ಕೊಟೊಕಾ ಅಂತಲೇ ಅದರ ಹೆಸರಾಗಿತ್ತು. ಗಡಿಯಾರವನ್ನು ಐದೂವರೆ ಗಂಟೆ ಹಿಂದಕ್ಕೆ ತಿರುಗಿಸಿ. ಹಳದಿ ಕಾರ್ಡ್ ಕೈಯಲ್ಲೇ ಇರಲಿ, ಸೂಟ್‌ಕೇಸ್ ಒಳಗಲ್ಲ. ಹೊರಗೆ ಬರುವಾಗ ಯಾರಾದರೂ ಬ್ಯಾಗ್ ಎಳೆಯಲು ಕೈಹಾಕಿದರೆ ನಗುತ್ತಾ ‘ನೋ, ಥ್ಯಾಂಕ್ಯೂ’ ಅನ್ನಿ. ಯಾರಾದರೂ ಸಿಬ್ಬಂದಿ ‘ನನಗೇನು ತಂದಿದ್ದೀರಿ’ ಅಂತ ಕೇಳಿದರೂ ಅದೇ ನಗು ಸಾಕು. ಸಿಟ್ಟು ಮಾಡಿಕೊಂಡರೆ ಕೆಲಸ ಕೆಡುತ್ತದೆ.

ಮೊದಲ ರಾತ್ರಿಯ ಹೋಟೆಲ್‌ನಿಂದಲೇ ಕಾರು ಕಳಿಸಲು ಹೇಳಿದರೆ ಒಳ್ಳೆಯದು. ಇಲ್ಲದಿದ್ದರೆ ಉಬರ್, ಬೋಲ್ಟ್, ಯಾಂಗೊ ಮೂರೂ ಅಕ್ರಾದಲ್ಲಿ ಓಡುತ್ತವೆ. ಡ್ರೈವರ್ ಫೋನ್ ಮಾಡಿ ಎಲ್ಲಿದ್ದೀರಿ, ಕ್ಯಾಶಾ ಅಂತ ಕೇಳುವುದು ಮಾಮೂಲು. ಅದಕ್ಕೇ ಮೊದಲು ಸಿಮ್.

ರಸ್ತೆ ದಾಟುವಾಗ ಹುಷಾರು. 1974ರ ಆಗಸ್ಟ್‌ನಲ್ಲಿ ಘಾನಾ ಎಡಗಡೆ ಓಡಿಸುವುದನ್ನು ಬಿಟ್ಟು ಬಲಗಡೆಗೆ ಬದಲಾಯಿತು. ನಮ್ಮ ಕಣ್ಣು ಅಭ್ಯಾಸಬಲದಿಂದ ಮೊದಲು ಬಲಕ್ಕೆ ನೋಡುತ್ತದೆ. ಅಲ್ಲಿ ಗಾಡಿ ಬರುವುದು ಎಡದಿಂದ.

ಓಡಾಟ

ಟ್ರೊಟ್ರೊ ಅಂದರೆ ಊರೊಳಗೂ ಊರಿಂದೂರಿಗೂ ಓಡುವ ಹಳೆಯ ಮಿನಿಬಸ್. ಬಾಗಿಲಲ್ಲಿ ನಿಂತು ಊರು ಕೂಗುವವನನ್ನು ‘ಮೇಟ್’ ಅನ್ನುತ್ತಾರೆ, ದುಡ್ಡು ಅವನ ಕೈಗೆ. ತುಂಬಿದ ಮೇಲೇ ಹೊರಡುವುದು. ತುಂಬಾ ಅಗ್ಗ. ಅಕ್ರಾದೊಳಗೆ ಹಗಲು ಹೊತ್ತಲ್ಲಿ ಒಮ್ಮೆ ಹತ್ತಿ, ಊರಿನ ನಾಡಿ ಗೊತ್ತಾಗುತ್ತದೆ. ದೂರದ ಪ್ರಯಾಣಕ್ಕೆ ನಾನು ಸಲಹೆ ಮಾಡುವುದಿಲ್ಲ.

ಟ್ಯಾಕ್ಸಿಗಳಿಗೆ ಮೀಟರ್ ಇಲ್ಲ. ಹತ್ತುವ ಮೊದಲೇ ದರ ಮಾತಾಡಬೇಕು. ‘ಡ್ರಾಪಿಂಗ್’ ಅಂದರೆ ಇಡೀ ಟ್ಯಾಕ್ಸಿ ನಿಮಗೊಬ್ಬರಿಗೇ, ಜಾಸ್ತಿ ದುಡ್ಡು. ಶೇರಿಂಗ್ ಆದರೆ ನಿಗದಿತ ದಾರಿಯಲ್ಲಿ ನಾಲ್ಕು ಜನ ಹಂಚಿಕೊಳ್ಳುವುದು. ಯಾವುದು ಅಂತ ಸ್ಪಷ್ಟವಾಗಿ ಹೇಳಿ ಕೂತುಕೊಳ್ಳಿ.

ಊರಿಂದೂರಿಗೆ ಎಸ್‌ಟಿಸಿ, ವಿಐಪಿ ಎಂಬ ಕಂಪನಿಗಳ ಬಸ್ಸುಗಳು ವಾಸಿ. ಎಸಿ ವಿಪರೀತ ತಣ್ಣಗಿರುತ್ತದೆ, ಶಾಲು ಇರಲಿ. ಒಂದು ನಿಯಮ ಮಾತ್ರ ಮುರಿಯಬೇಡಿ: ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಪ್ರಯಾಣ ಬೇಡ. ಕೆಟ್ಟುನಿಂತ ಲಾರಿಗಳು, ದೀಪವಿಲ್ಲದ ಗಾಡಿಗಳು, ಎದುರಿಗೆ ಬರುವವರ ಓವರ್‌ಟೇಕ್. ಪ್ರವಾಸಿಗರಿಗೆ ಅಲ್ಲಿ ಕಳ್ಳರಿಗಿಂತ ದೊಡ್ಡ ಅಪಾಯ ರಸ್ತೆ. ರಾತ್ರಿ ಬಸ್ಸಿನಲ್ಲಿ ಹೋದರೆ ಹೋಟೆಲ್ ಖರ್ಚು ಉಳಿಯುತ್ತೆ ಅನ್ನುವ ನಮ್ಮ ಲೆಕ್ಕವನ್ನು ಇಲ್ಲೇ ಬಿಟ್ಟು ಹೋಗಿ.

ದಾರಿ ಹಾಕಿಕೊಳ್ಳುವುದು: ತ್ರಿಕೋನ ಸಾಕು

ಹತ್ತು ದಿನ ಇದ್ದರೆ ಅಕ್ರಾ, ಕೇಪ್ ಕೋಸ್ಟ್, ಕುಮಾಸಿ, ಮತ್ತೆ ಅಕ್ರಾ. ಬಂದ ದಾರಿಯಲ್ಲೇ ವಾಪಸ್ ಹೋಗುವ ಪ್ರಮೇಯ ಬರುವುದಿಲ್ಲ.

ಅಕ್ರಾಕ್ಕೆ ಎರಡು ದಿನ. ಘಾನಾ 1957ರ ಮಾರ್ಚ್ 6ರಂದು ಸ್ವತಂತ್ರವಾಯಿತು. ಸ್ವಾತಂತ್ರ್ಯ ಹೋರಾಟದ ನಾಯಕ ಕ್ವಾಮೆ ಎನ್‌ಕ್ರುಮಾ ಅದನ್ನು ಘೋಷಿಸಿದ ಜಾಗದಲ್ಲೇ ಈಗ ಅವರ ಸ್ಮಾರಕವಿದೆ. ಹತ್ತಿರದಲ್ಲೇ ಬ್ಲ್ಯಾಕ್ ಸ್ಟಾರ್ ಸ್ಕ್ವೇರ್, ಮಕೊಲಾ ಮಾರುಕಟ್ಟೆ. ಜೇಮ್ಸ್‌ಟೌನ್‌ನ ಮೀನುಗಾರರ ಕೇರಿಗೆ ಸ್ಥಳೀಯರೊಬ್ಬರ ಜೊತೆ ಹೋಗಿ. ಬಿಡುವಿದ್ದರೆ ಒಡೊರ್ಕೊರ್‌ನಲ್ಲಿರುವ ಹಿಂದೂ ಮಠಕ್ಕೂ ಹೋಗಬಹುದು. ಘಾನಾದಲ್ಲೇ ಹುಟ್ಟಿದ ಸ್ವಾಮಿ ಘನಾನಂದ ಸರಸ್ವತಿ 1975ರಲ್ಲಿ ಶುರುಮಾಡಿದ್ದು. ಅಲ್ಲಿ ಆರತಿ ಎತ್ತುವವರು, ಭಜನೆ ಹಾಡುವವರು ಘಾನಾದವರೇ.

ಕೇಪ್ ಕೋಸ್ಟ್ ಅಕ್ರಾದಿಂದ ಸುಮಾರು 145 ಕಿಲೋಮೀಟರ್. ದೂರ ಕಡಿಮೆ, ಆದರೆ ಅಕ್ರಾದ ಟ್ರಾಫಿಕ್ ದಾಟಲು ಬೇಕಾಗುವ ಹೊತ್ತನ್ನು ಸೇರಿಸಿ ಮೂರರಿಂದ ನಾಲ್ಕು ಗಂಟೆ ಇಟ್ಟುಕೊಳ್ಳಿ. ಇಲ್ಲಿನ ಕೋಟೆ, ಪಕ್ಕದ ಎಲ್ಮಿನಾದ ಕೋಟೆ, ಎರಡೂ ಯುನೆಸ್ಕೊ ಪಟ್ಟಿಯಲ್ಲಿವೆ. ಎಲ್ಮಿನಾ ಕೋಟೆಯನ್ನು ಪೋರ್ಚುಗೀಸರು 1482ರಲ್ಲಿ ಕಟ್ಟಲು ತೊಡಗಿದರು, 1637ರಲ್ಲಿ ಡಚ್ಚರು ಕಿತ್ತುಕೊಂಡರು. ಬಂಗಾರದ ವ್ಯಾಪಾರಕ್ಕೆ ಕಟ್ಟಿದ ಗೋಡೆಗಳ ಒಳಗೆ ಆಮೇಲೆ ಮನುಷ್ಯರನ್ನೇ ತುಂಬಿ ಅಟ್ಲಾಂಟಿಕ್ ಆಚೆಗೆ ಸಾಗಿಸಿದರು. ಕೇಪ್ ಕೋಸ್ಟ್ ಕೋಟೆಯಲ್ಲಿ ಗಂಡಸರನ್ನು ಕೂಡಿಹಾಕುತ್ತಿದ್ದ ನೆಲಮಾಳಿಗೆಯ ಮೇಲೇ ಪ್ರಾರ್ಥನಾ ಮಂದಿರ ಇತ್ತು. ಗೈಡ್ ಅದನ್ನು ತೋರಿಸುವಾಗ ಗುಂಪು ತಾನಾಗಿ ಸುಮ್ಮನಾಗುತ್ತದೆ. ನಿಮ್ಮ ಜೊತೆ ಅಮೆರಿಕದಿಂದ ಬಂದ ಕಪ್ಪು ಜನಾಂಗದವರು ಇರಬಹುದು, ಅವರಿಗೆ ಇದು ಮುತ್ತಜ್ಜಂದಿರ ಜಾಗ. ನೆಲಮಾಳಿಗೆಯಲ್ಲಿ ಸೆಲ್ಫಿ, ನಗೆಚಾಟಿಕೆ ಬೇಡ. ಒಂದೇ ದಿನ ಎರಡೂ ಕೋಟೆ ನೋಡಬೇಡಿ, ಮನಸ್ಸಿಗೆ ಭಾರ. ನಡುವೆ ಕಾಕುಮ್ ಇಟ್ಟುಕೊಳ್ಳಿ.

ಕಾಕುಮ್ ಕಾಡು ಕೇಪ್ ಕೋಸ್ಟ್‌ನಿಂದ ಉತ್ತರಕ್ಕೆ ಸುಮಾರು 30 ಕಿಲೋಮೀಟರ್. ಮರಗಳ ನೆತ್ತಿಯ ಮಟ್ಟದಲ್ಲಿ ತೂಗುವ 7 ಸೇತುವೆಗಳು, ಒಟ್ಟು ಉದ್ದ ಸುಮಾರು 350 ಮೀಟರ್. ಪ್ರಾಣಿ ಕಾಣುತ್ತೆ ಅನ್ನುವ ಆಸೆಯಿಂದ ಹೋದರೆ ನಿರಾಸೆ. ಕಾಡನ್ನು ಮೇಲಿನಿಂದ ನೋಡಲು ಹೋಗಿ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋದರೆ ಹಕ್ಕಿಗಳ ದನಿ ಕೇಳುತ್ತದೆ, ಹತ್ತು ಗಂಟೆಯ ನಂತರ ಶಾಲಾ ಮಕ್ಕಳ ಬಸ್ಸು.

ಕುಮಾಸಿ ಅಶಾಂತಿ ರಾಜರ ಊರು. ಈಗಿನ ಅಸಾಂತೆಹೆನೆ, ಅಂದರೆ ಅಶಾಂತಿ ದೊರೆ, ಎರಡನೇ ಒಸೆಯ್ ಟುಟು 1999ರಿಂದ ಪಟ್ಟದಲ್ಲಿದ್ದಾರೆ. ಮನ್ಹಿಯಾ ಅರಮನೆ ಮ್ಯೂಸಿಯಂ ನೋಡಿ. ಸುಮಾರು ಆರು ವಾರಕ್ಕೊಮ್ಮೆ ಭಾನುವಾರ ಅಕ್ವಾಸಿಡೆ ಎಂಬ ದರ್ಬಾರು ನಡೆಯುತ್ತದೆ. ಅದರ ತಾರೀಕು ಮೊದಲೇ ನೋಡಿಕೊಂಡು ಪ್ರವಾಸ ಹೊಂದಿಸಿದರೆ ಡೋಲು, ಬಂಗಾರದ ಆಭರಣ, ದೊಡ್ಡ ಛತ್ರಿಗಳ ನಡುವೆ ದೊರೆಯನ್ನೇ ನೋಡಬಹುದು. ಕೆಂಟೆ ಬಟ್ಟೆ ಕೊಳ್ಳುವುದಾದರೆ ಹತ್ತಿರದ ಬೊನ್‌ವಿರೆ ಹಳ್ಳಿಗೆ ಹೋಗಿ. ಮಗ್ಗದಲ್ಲಿ ಕಿರಿದಾದ ಪಟ್ಟಿಗಳನ್ನು ನೇಯ್ದು, ಆಮೇಲೆ ಒಂದಕ್ಕೊಂದು ಹೊಲಿಯುತ್ತಾರೆ. ಹೊಲಿಗೆ ಇಲ್ಲದ ಅಗಲವಾದ ಅಗ್ಗದ ‘ಕೆಂಟೆ’ ಸಿಕ್ಕರೆ ಅದು ಮಿಲ್‌ನಲ್ಲಿ ಅಚ್ಚು ಹಾಕಿದ್ದು.

ಆನೆ ನೋಡಲೇಬೇಕು ಅನ್ನುವವರಿಗೆ ಉತ್ತರದ ಮೋಲೆ ರಾಷ್ಟ್ರೀಯ ಉದ್ಯಾನ. ಬಂದೂಕು ಹಿಡಿದ ರೇಂಜರ್ ಜೊತೆ ನಡೆದುಕೊಂಡೇ ಹೋಗಬಹುದು. ಒಣಗಾಲದಲ್ಲಿ ಪ್ರಾಣಿಗಳು ನೀರಿನ ಹೊಂಡಕ್ಕೆ ಬರುತ್ತವೆ. ಪಕ್ಕದಲ್ಲೇ ಲರಬಂಗಾದ ಹಳೆಯ ಮಣ್ಣಿನ ಮಸೀದಿ. ಆದರೆ ಬಸ್ಸಿನಲ್ಲಿ ಹೋಗಿ ಬರಲು ಎರಡು ಪೂರ್ತಿ ದಿನ ಕಳೆಯುತ್ತದೆ. ಅಕ್ರಾದಿಂದ ತಮಾಲೆಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಕಾರು ಮಾಡಿಕೊಳ್ಳಿ. ದುಡ್ಡು ಜಾಸ್ತಿಯಾದರೂ ದಿನ ಉಳಿಯುತ್ತದೆ. ಎರಡು ವಾರ ಇಲ್ಲದಿದ್ದರೆ ಮೋಲೆಯನ್ನು ಮುಂದಿನ ಸಲಕ್ಕೆ ಬಿಡಿ.

ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಮಾಂಸ, ಮೀನು ತಿನ್ನುವವರಿಗೆ ಹಬ್ಬ. ಜೊಲೋಫ್ ಅನ್ನ, ಸುಟ್ಟ ತಿಲಾಪಿಯಾ ಮೀನಿನ ಜೊತೆ ಬಂಕು ಎಂಬ ಹುಳಿ ಹಿಟ್ಟಿನ ಮುದ್ದೆ, ಕಡಲೆಕಾಯಿ ಸಾರಿನಲ್ಲಿ ಮುಳುಗಿದ ಫುಫು ಎಂಬ ಗೆಣಸಿನ ಮುದ್ದೆ. ಫುಫುವನ್ನು ಅಗಿಯುವುದಿಲ್ಲ, ನುಂಗುವುದು. ಮುದ್ದೆ ಉಂಡು ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಸಸ್ಯಾಹಾರಿಗಳು ಸ್ವಲ್ಪ ತಯಾರಾಗಿ ಹೋಗಬೇಕು. ‘ಮೀಟ್ ಬೇಡ’ ಅಂದರೆ ಮೀನು ಹಾಕಿ ಕೊಡುತ್ತಾರೆ. ಮಾಂಸ, ಕೋಳಿ, ಮೀನು, ಸಿಗಡಿ, ಮೊಟ್ಟೆ ಅಂತ ಒಂದೊಂದಾಗಿ ಹೆಸರು ಹೇಳಿ ಬೇಡ ಅನ್ನಿ. ಎಲ್ಲ ಕಡೆ ಇಡುವ ಕಪ್ಪು ಖಾರದ ಚಟ್ನಿ ಶಿಟೊದಲ್ಲಿ ಒಣಮೀನು, ಸಿಗಡಿ ಪುಡಿ ಇರುತ್ತದೆ. ಕೆಲವು ಸಾರುಗಳಿಗೆ ಮೀನಿನ ಪುಡಿಯನ್ನು ಸಾಂಬಾರ ಸಾಮಗ್ರಿಯ ಹಾಗೆ ಹಾಕುತ್ತಾರೆ.

ಆದರೆ ಒಳ್ಳೆಯದೂ ಬೇಕಾದಷ್ಟಿದೆ. ಬೆಳಗ್ಗೆ ಬೀದಿಬದಿಯಲ್ಲಿ ಹೌಸಾ ಕೊಕೊ ಸಿಗುತ್ತದೆ, ಶುಂಠಿ ಹಾಕಿದ ಸಜ್ಜೆಯ ಗಂಜಿ. ಅದರ ಜೊತೆ ಕೊಸೆ, ಅಲಸಂದೆ ರುಬ್ಬಿ ಎಣ್ಣೆಯಲ್ಲಿ ಕರಿದಿದ್ದು. ವಾಚೆ ಅಂದರೆ ಅಲಸಂದೆ ಹಾಕಿದ ಕೆಂಬಣ್ಣದ ಅನ್ನ, ಬರೀ ಅದನ್ನೇ ಕೊಡಿ ಅಂತ ಕೇಳಬಹುದು. ರೆಡ್‌ರೆಡ್ ಅಂದರೆ ತಾಳೆಎಣ್ಣೆಯಲ್ಲಿ ಮಾಡಿದ ಅಲಸಂದೆ ಗೊಜ್ಜು, ಕರಿದ ಬಾಳೆಯ ಜೊತೆ, ಮೀನು ಹಾಕಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಕೆಲೆವೆಲೆ ಸಂಜೆಯ ತಿಂಡಿ, ಶುಂಠಿ ಮೆಣಸು ಸವರಿ ಕರಿದ ಬಾಳೆ. ಕೆಂಡದ ಮೇಲೆ ಸುಟ್ಟ ಬಾಳೆ ಮತ್ತು ಕಡಲೆಕಾಯಿಯ ಜೋಡಿಗೆ ಸಾಟಿಯಿಲ್ಲ. ಅನಾನಸ್ ತುಂಬಾ ಸಿಹಿ. ಅಕ್ರಾದಲ್ಲಿ ಭಾರತೀಯ ಹೋಟೆಲ್‌ಗಳೂ, ದಿನಸಿ ಅಂಗಡಿಗಳೂ ಇವೆ. ಊರು ಬಿಟ್ಟು ಹೊರಟಾಗ ಮಾತ್ರ ಅವಲಕ್ಕಿ, ಚಟ್ನಿಪುಡಿ ಕೈಹಿಡಿಯುತ್ತವೆ.

ನಲ್ಲಿ ನೀರು ಬೇಡ, ಐಸ್ ಬೇಡ. ಎಲ್ಲ ಕಡೆ ಮಾರುವ ಅರ್ಧ ಲೀಟರಿನ ಪ್ಯೂರ್ ವಾಟರ್ ಪೊಟ್ಟಣ ಸ್ಥಳೀಯರು ಕುಡಿಯುತ್ತಾರೆ. ಹೊಟ್ಟೆ ಸೂಕ್ಷ್ಮ ಇದ್ದವರಿಗೆ ಸೀಲ್ ಇರುವ ಬಾಟಲಿ ಸರಿ.

ಮಾತು, ಮರ್ಯಾದೆ

ಅಲ್ಲಿ ಮಾತು ಶುರುವಾಗುವುದು ನಮಸ್ಕಾರದಿಂದ. ‘ಗುಡ್ ಮಾರ್ನಿಂಗ್, ಹೇಗಿದ್ದೀರಿ’ ಆದ ಮೇಲೆ ದಾರಿ, ದರ ಎಲ್ಲ. ನೇರವಾಗಿ ‘ಇದಕ್ಕೆಷ್ಟು’ ಅಂದರೆ ಒರಟುತನ. ಎಡಗೈಯಲ್ಲಿ ದುಡ್ಡು ಕೊಡುವುದು, ತಗೊಳ್ಳುವುದು, ಕೈಬೀಸಿ ಕರೆಯುವುದು ಅವಮಾನ. ಧನ್ಯವಾದಕ್ಕೆ ಟ್ವಿ ಭಾಷೆಯಲ್ಲಿ ‘ಮೆದಾಸೆ’. ನೀವು ಹುಟ್ಟಿದ ವಾರ ಯಾವುದು ಅಂತ ಮೊದಲೇ ಪತ್ತೆಮಾಡಿಕೊಂಡು ಹೋಗಿ. ಅಕಾನ್ ಜನರಲ್ಲಿ ಹುಟ್ಟಿದ ವಾರಕ್ಕೊಂದು ಹೆಸರಿದೆ. ಶುಕ್ರವಾರದ ಗಂಡು ಕೋಫಿ, ಶನಿವಾರದವನು ಕ್ವಾಮೆ, ಶನಿವಾರದ ಹೆಣ್ಣು ಅಮಾ. ಕೋಫಿ ಅನ್ನಾನ್, ಕ್ವಾಮೆ ಎನ್‌ಕ್ರುಮಾ ಹೆಸರು ಬಂದದ್ದು ಹಾಗೇ. ‘ನಾನು ಅಮಾ’ ಅಂದರೆ ಚೌಕಾಸಿಯೂ ನಗುನಗುತ್ತಾ ನಡೆಯುತ್ತದೆ.

ಜನರ ಫೋಟೋ ಕೇಳಿ ತೆಗೆಯಿರಿ. ಸೇನೆಯ ಜಾಗಗಳು, ವಿಮಾನ ನಿಲ್ದಾಣ, ಅಧ್ಯಕ್ಷರ ಜುಬಿಲಿ ಹೌಸ್ ಕಡೆ ಕ್ಯಾಮೆರಾ ತಿರುಗಿಸಲೇಬೇಡಿ.

ಮೋಸ, ಅಪಾಯ

ಭಾರತೀಯರ ಮುಂದೆ ವಿಶೇಷವಾಗಿ ಬರುವ ಬಲೆ ಬಂಗಾರದ್ದು. ‘ಗಣಿಯಿಂದ ನೇರ, ಅರ್ಧ ಬೆಲೆಗೆ’ ಅಂತ ಆನ್‌ಲೈನ್‌ನಲ್ಲೋ ಹೋಟೆಲ್ ಲಾಬಿಯಲ್ಲೋ ಸ್ನೇಹ ಬೆಳೆಸುತ್ತಾರೆ. ಪರೀಕ್ಷೆ ಶುಲ್ಕ, ರಫ್ತು ತೆರಿಗೆ ಅಂತ ಒಂದೊಂದೇ ದುಡ್ಡು ಎಳೆಯುತ್ತಾರೆ, ಬಂಗಾರ ಕೊನೆಗೂ ಬರುವುದಿಲ್ಲ. 2025ರಲ್ಲಿ ಸರ್ಕಾರ ಗೋಲ್ಡ್ ಬೋರ್ಡ್ ಮಾಡಿ, ಸ್ಥಳೀಯ ಬಂಗಾರದ ಮಾರುಕಟ್ಟೆಯಿಂದ ವಿದೇಶಿಯರನ್ನು ಹೊರಗಿಟ್ಟಿತು. ಹಾಗಾಗಿ ಯಾರಾದರೂ ಪುಡಿಬಂಗಾರ ತೋರಿಸಿದರೆ ಅಲ್ಲಿಂದ ಎದ್ದು ಬರುವುದೊಂದೇ ದಾರಿ.

ಅಕ್ರಾದಲ್ಲಿ ಬೈಕಿನಲ್ಲಿ ಬಂದು ಫೋನ್ ಕಸಿಯುವವರಿದ್ದಾರೆ. ರಸ್ತೆಯಂಚಿನಲ್ಲಿ ನಿಂತು ನಕ್ಷೆ ನೋಡಬೇಡಿ. ಸಮುದ್ರ ಚೆನ್ನಾಗಿ ಕಾಣುತ್ತದೆ, ಆದರೆ ಒಳಸೆಳೆತ ಜೋರು. ಮೊಣಕಾಲು ಮಟ್ಟದ ನೀರು ಸಾಕು. ಬುರ್ಕಿನಾ ಫಾಸೊ ಗಡಿಯ ಕಡೆ, ಮುಖ್ಯವಾಗಿ ಬಾಕು ಪಟ್ಟಣದ ಸುತ್ತ, ಘರ್ಷಣೆ ಇದೆ, ಆ ಕಡೆ ಹೋಗುವುದು ಬೇಡ. ತುರ್ತಿಗೆ 112. ಅಕ್ರಾದಲ್ಲಿ ಭಾರತೀಯ ಹೈಕಮಿಷನ್ ಇದೆ, ಅದರ ನಂಬರ್ ಫೋನಿನಲ್ಲೂ ಒಂದು ಚೀಟಿಯಲ್ಲೂ ಬರೆದಿಡಿ.

ವಾಪಸ್ ಬರುವಾಗ

ಉಳಿದ ಸೆಡಿಯನ್ನು ಅಲ್ಲೇ ಬದಲಾಯಿಸಿ, ಇಲ್ಲಿ ಯಾರೂ ತಗೊಳ್ಳುವುದಿಲ್ಲ. ಹಳದಿ ಕಾರ್ಡ್ ಮತ್ತೆ ಕೈಚೀಲಕ್ಕೆ. ಯೆಲ್ಲೋ ಫೀವರ್ ಇರುವ ದೇಶದಿಂದ ಸರಿಯಾದ ಸರ್ಟಿಫಿಕೇಟ್ ಇಲ್ಲದೆ ಬಂದವರನ್ನು ಭಾರತದಲ್ಲಿ 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಘಾನಾ ಒಳಗೆ ಬಿಟ್ಟುಕೊಂಡಿತಲ್ಲ ಅಂತ ಕಾರ್ಡನ್ನು ಸೂಟ್‌ಕೇಸಿಗೆ ಹಾಕಿ ಕಳಿಸಬೇಡಿ.

ಮಲೇರಿಯಾ ಮಾತ್ರೆಯ ಕೋರ್ಸ್ ಪೂರ್ತಿ ಮುಗಿಸಿ. ಬಂದ ಮೂರು ತಿಂಗಳೊಳಗೆ, ಕೆಲವೊಮ್ಮೆ ಇನ್ನೂ ತಡವಾಗಿ, ಜ್ವರ ಬಂದರೆ ‘ವೈರಲ್ ಇರಬೇಕು’ ಅಂತ ಡೋಲೋ ನುಂಗಿ ಮಲಗಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ, ಘಾನಾಕ್ಕೆ ಹೋಗಿದ್ದೆ ಅಂತ ಮೊದಲ ಮಾತಿನಲ್ಲೇ ಹೇಳಿ, ಮಲೇರಿಯಾ ರಕ್ತಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ.